ಮೃತರ ಹೆಸರಿಗೆ ಬಂದ ಹಣ



ಕಳೆದ ಸುಗ್ಗಿಯ ಕಾಲದಲ್ಲಿ ನಮ್ಮ ಸಭೆಯವನೊಬ್ಬನು ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಬಳಿಗೆ ಬಂದು ತನ್ನ ತಾಯಿಯ ಬ್ಯಾಂಕಿನ ಪಾಸ್‌ಪುಸ್ತಕವನ್ನು ಮುಂದಿಟ್ಟನು. ಆ ವೃದ್ಧೆಯು ಕರ್ತನಲ್ಲಿ ನಿದ್ರೆಹೋಗಿ ಮೂರು ತಿಂಗಳಾಗಿತ್ತು. ಆದರೂ ಅವಳ ವೃದ್ಧಾಪ್ಯ ವೇತನವು ಬರುತ್ತಲೇ ಇತ್ತು. ಅವಳ ಕಾರ್ಡಿನ ಪಿನ್ ನಂಬರು ಗೊತ್ತಿದ್ದದರಿಂದ ಮಗನು ಎರಡು ಸಾರಿ ಹಣ ತೆಗೆದಿದ್ದನು. "ಅಯ್ಯನವರೇ, ಮಕ್ಕಳ ಶಾಲೆಯ ಖರ್ಚಿಗೆ ಬೇಕಾಯಿತು. ಅವ್ವನ ಹಣವು ನನ್ನದೇ ಅಲ್ಲವೇ? ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಉಳಿದದ್ದನ್ನು ಕಾಣಿಕೆಗೆ ಹಾಕಿಬಿಡಲೋ?" ಎಂದನು.

ಪ್ರಿಯರೇ, ಈ ಪ್ರಶ್ನೆಯು ಅವನೊಬ್ಬನದಲ್ಲ. ಮೃತರ ಹೆಸರಿನ ಹಣವು ಎರಡು ವಿಧವಾದದ್ದು. ಅವರು ಬದುಕಿದ್ದಾಗ ಕೂಡಿಸಿಟ್ಟದ್ದೂ ಮಾರಿದ ಬೆಳೆಯ ಬಾಕಿಯೂ ವಾರಸುದಾರರಿಗೆ ಸೇರುವದು. ವೃದ್ಧಾಪ್ಯ ವೇತನವಾದರೋ ಜೀವಿಸುವವರ ಅನ್ನಕ್ಕಾಗಿ ಸರಕಾರವು ಕೊಡುವಂಥಾದ್ದು; ಉಸಿರು ನಿಂತಾಗ ಆ ಹಕ್ಕೂ ನಿಲ್ಲುವದು. ವರುಷಕ್ಕೆ 6000 ರೂಪಾಯಿಯಂತೆ ಮೂರು ಕಂತುಗಳಲ್ಲಿ ಬರುವ ಪಿ.ಎಂ. ಕಿಸಾನ್ ಹಣವೂ ಹಾಗೆಯೇ. ತಂದೆಯ ಹೊಲವು ನಮಗೆ ಬಂದರೂ ಅವನ ಕಂತು ನಮ್ಮ ಕಂತಾಗದು. ಸತ್ತವರ ಕಾರ್ಡನ್ನು ಉಪಯೋಗಿಸುವದು, ಅವರು ಬದುಕಿದ್ದಾರೆಂದು ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಸಮಾನವು. ತಂದೆತಾಯಿಗಳನ್ನು ಸನ್ಮಾನಿಸುವವನು ಅವರ ಹೆಸರನ್ನು ಸುಳ್ಳಿಗೆ ಒಡ್ಡುವನೋ?

ಕಾಣಿಕೆಗೆ ಹಾಕಿದರೆ ಆ ಹಣವು ಶುದ್ಧವಾದೀತೇ? ಜಕ್ಕಾಯನನ್ನು ನೆನಸಿರಿ. ಅವನು ಅನ್ಯಾಯವಾಗಿ ತಕ್ಕೊಂಡದ್ದನ್ನು ದೇವಾಲಯದ ಬೊಕ್ಕಸಕ್ಕೆ ಹಾಕುವೆನೆನ್ನಲಿಲ್ಲ. ಯಾರಿಂದ ತಕ್ಕೊಂಡನೋ ಅವರಿಗೇ ನಾಲ್ಕರಷ್ಟು ತಿರಿಗಿ ಕೊಡುವೆನೆಂದನು. ಪರರ ಸ್ವತ್ತಿನಿಂದ ದೇವರಿಗೆ ಕಾಣಿಕೆ ಬೇಡ.

ಹಾಗಾದರೆ ಮಾಡತಕ್ಕದ್ದೇನು? ಮರಣವನ್ನು 21 ದಿವಸಗಳೊಳಗೆ ನೋಂದಾಯಿಸಿ ಪ್ರಮಾಣಪತ್ರವನ್ನು ಪಡೆಯಿರಿ. ಅದರ ನಕಲನ್ನು ಬ್ಯಾಂಕಿಗೂ ನಾಡಕಚೇರಿಗೂ ಕೊಡಿರಿ. ಮೃತರ ಹೆಸರಿಗೆ ಚೆಕ್ಕು ಬಂದರೆ ಅವರ ರುಜುವನ್ನು ನೀವು ಹಾಕಬೇಡಿರಿ. ಕಳುಹಿಸಿದವರಿಗೆ ಮರಣವನ್ನು ತಿಳಿಸಿರಿ. ಖಾತೆಯ ನಾಮಿನಿಯು ಹಣವನ್ನು ಪಡೆಯಬಹುದು, ಆದರೆ ಅವನು ಒಡೆಯನಲ್ಲ, ಮನೆವಾರ್ತೆಯವನಷ್ಟೇ. ಉಯಿಲು ಬರೆಯದೆ ತೀರಿಹೋದ ಕ್ರೈಸ್ತರ ಸ್ವತ್ತಿನಲ್ಲಿ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಳಿದಿರುವ ಗಂಡನಿಗೆ ಇಲ್ಲವೆ ಹೆಂಡತಿಗೆ ಮೂರರಲ್ಲೊಂದು ಪಾಲು. ಮಿಕ್ಕದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮವಾಗಿ ಸಲ್ಲುವದು. ಮದುವೆಮಾಡಿ ಕೊಟ್ಟ ತಂಗಿಯನ್ನು ಮರೆಯಬೇಡಿರಿ.

ಮರುದಿನ ನಾವು ಆ ಸಹೋದರನ ಸಂಗಡ ಬ್ಯಾಂಕಿಗೆ ಹೋದೆವು. ಅವನು ಕಾರ್ಡನ್ನು ಒಪ್ಪಿಸಿ, ತೆಗೆದದ್ದನ್ನು ತಿರಿಗಿ ಕಟ್ಟುವೆನೆಂದು ಬರೆದುಕೊಟ್ಟನು. ಆ ತಿಂಗಳು ಅವನ ಮನೆಯ ಗಂಜಿಯು ತೆಳ್ಳಗಾಯಿತು. ಅಂಥವನ ಮನೆಗೆ ಒಂದು ಸೇರು ಅಕ್ಕಿಯನ್ನು ಮುಟ್ಟಿಸುವದು ಸಭೆಯ ಕೆಲಸವೆಂದು ನಾವು ಕಲಿತೆವು. ಬರೇ ಬುದ್ಧಿಹೇಳುವದು ಸಾಲದು. ಮುಂದಿನ ಆದಿತ್ಯವಾರ ಅವನು ತಾಯಿಯ ಹೆಸರನ್ನು ಹೇಳಿ ದೇವರಿಗೆ ಸ್ತೋತ್ರಮಾಡಿದಾಗ ತಲೆತಗ್ಗಿಸಲಿಲ್ಲ.

ನಮ್ಮ ಹಿರಿಯರ ಹೆಸರನ್ನು ನಿರ್ಮಲವಾಗಿ ಕಾಪಾಡುವ ಕೃಪೆಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.