ಅಂಕಪಟ್ಟಿಯಲ್ಲಿ ಇಲ್ಲದ ಕಾಲಂ



*ಇಂದಿನ ಚಿಂತನೆ*

ಕಳೆದ ಭಾನುವಾರ ಫೋನಿನ ಅಧ್ಯಯನ ಮುಗಿದ ಮೇಲೂ ಒಬ್ಬ ಅಣ್ಣ ಕಾಲ್ ಬಿಡದೆ ಉಳಿದುಕೊಂಡರು. ಕಲಬುರಗಿ ಕಡೆಯವರು, ಅಮೆರಿಕದ ನ್ಯೂಜೆರ್ಸಿಗೆ ಹೋಗಿ ನೆಲೆಸಿದವರು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಅವರ ಮನೆಯ ಪ್ರಶ್ನೆಯನ್ನು ಇಂದು ಎಲ್ಲರ ಮುಂದಿಡುತ್ತಿದ್ದೇವೆ.

ಮಗಳು ಈಗ ಹನ್ನೆರಡನೇ ತರಗತಿ. ಒಂಬತ್ತನೇ ತರಗತಿಯ ಶುರುವಿನಲ್ಲೇ ಆಕೆಗೆ ಟೈಪ್ 1 ಡಯಾಬಿಟಿಸ್ ಬಂತು. ಮೊದಲು ಆಸ್ಪತ್ರೆ, ಆಮೇಲೆ ದಿನವೂ ಇನ್ಸುಲಿನ್, ಸಕ್ಕರೆ ಏಕಾಏಕಿ ಇಳಿದು ತರಗತಿಯಲ್ಲೇ ಕೈ ನಡುಗುವ ದಿನಗಳು. ಆ ವರ್ಷ ಅಂಕ ಬಿದ್ದವು. ಮುಂದಿನ ಎರಡು ವರ್ಷ ಹುಡುಗಿ ಚೇತರಿಸಿಕೊಂಡು ಚೆನ್ನಾಗಿ ಓದಿದಳು. ಈಗ ದೊಡ್ಡ ಕಾಲೇಜುಗಳಿಗೆ ಅರ್ಜಿ ಹಾಕುವ ಸಮಯ. ಅಲ್ಲಿ ಒಂಬತ್ತನೇ ತರಗತಿಯ ಅಂಕವೂ ಅರ್ಜಿಯ ಜೊತೆ ಹೋಗುತ್ತದೆ. ಕಾಯಿಲೆಯ ವಿಷಯ ಬರೆಯಬೇಕೋ ಬೇಡವೋ?

ಅಣ್ಣ ಹೇಳಿದ ಮಾತು ಇದು: "ನಾವು ಜೀವನಪೂರ್ತಿ ಕನ್ಸೆಶನ್ ಮಂದಿ ಅಂತ ಅನ್ನಿಸ್ಕೊಂಡೀವಿ. ಮಗಳೂ ಮತ್ತ ಕೈಚಾಚೋದು ಬ್ಯಾಡ."

ಮಗಳು ಹೇಳಿದ್ದು: "ಅಪ್ಪಾ, ನಾನು ಸುಮ್ಮನಿದ್ರ ಆ ಕಾಗದ ನನ್ನ ಬಗ್ಗೆ ತಪ್ಪು ಹೇಳ್ತದ."

ಇಬ್ಬರ ಮಾತಿನಲ್ಲೂ ಸ್ವಾಭಿಮಾನವೇ ಇದೆ. ಅದಕ್ಕೇ ಈ ಪ್ರಶ್ನೆ ಕಠಿಣ.

*ಕಾಗದ ಏನು ಹೇಳುತ್ತದೆ?*

ಅಲ್ಲಿ ಅಂಕವನ್ನು 4ಕ್ಕೆ ಲೆಕ್ಕ ಹಾಕುತ್ತಾರೆ. ಒಂದು ಮಗುವಿಗೆ ಒಂಬತ್ತರಲ್ಲಿ 2.4, ಹತ್ತರಲ್ಲಿ 3.5, ಹನ್ನೊಂದರಲ್ಲಿ 3.9 ಬಂದಿದೆ ಎಂದುಕೊಳ್ಳಿ. ಮೂರೂ ವರ್ಷ ಸೇರಿಸಿದರೆ ಸರಾಸರಿ 3.27. ಮೊದಲ ವರ್ಷ ಬಿಟ್ಟರೆ 3.7. ಲೆಕ್ಕ ಎರಡೂ ಸರಿ. ಆದರೆ ಎರಡನ್ನೂ ಓದಿದವರ ಮನಸ್ಸಿನಲ್ಲಿ ಮೂಡುವ ಹುಡುಗಿಯರು ಬೇರೆ ಬೇರೆ. ಮೊದಲ ಸಂಖ್ಯೆಯಲ್ಲಿ ಆಸ್ಪತ್ರೆಯ ಹಾಸಿಗೆ ಕಾಣುವುದಿಲ್ಲ. ಓದುವವರು ಖಾಲಿ ಜಾಗವನ್ನು ತಮ್ಮ ಊಹೆಯಿಂದ ತುಂಬಿಕೊಳ್ಳುತ್ತಾರೆ: ಸೋಮಾರಿ, ಬುದ್ಧಿ ಸಾಲದು, ಶಿಸ್ತಿಲ್ಲ.

ಇದು ಅಲ್ಲಿನವರಿಗೂ ಗೊತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಸರಾಸರಿ ಲೆಕ್ಕಕ್ಕೆ ಒಂಬತ್ತನೇ ತರಗತಿಯ ಅಂಕವನ್ನು ಸೇರಿಸುವುದೇ ಇಲ್ಲ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ 'ಕಾಮನ್ ಆ್ಯಪ್' ಎಂಬ ಅರ್ಜಿಯಲ್ಲಿ ಇಂಥ ಕಷ್ಟಗಳನ್ನು ಬರೆಯಲು ಬೇರೆಯೇ ಜಾಗವಿದೆ. ಶಾಲೆಯ ಕೌನ್ಸೆಲರ್ ಕೂಡ ತಮ್ಮ ಪತ್ರದಲ್ಲಿ ಅದನ್ನು ತಿಳಿಸಬಹುದು. ಅಂದರೆ ಕೇಳುವವರೇ "ಏನಾದರೂ ಹೇಳುವುದಿದೆಯೇ?" ಎಂದು ಕೇಳುತ್ತಿದ್ದಾರೆ. ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದು ಕೈಚಾಚುವುದು ಹೇಗಾದೀತು?

*ವಿವರ ಬೇರೆ, ಬೇಡಿಕೆ ಬೇರೆ*

ಬಾಬಾಸಾಹೇಬರು ಸಾತಾರಾದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತು ಓದಿದ್ದು, ಸಂಜೆ ಆ ಗೋಣಿಯನ್ನು ಮನೆಗೆ ಹೊತ್ತು ಬೆಳಿಗ್ಗೆ ಮತ್ತೆ ತರಬೇಕಾಗಿದ್ದದ್ದು ನಮಗೆಲ್ಲ ಗೊತ್ತು. ಯಾವ ಅಂಕಪಟ್ಟಿಯಲ್ಲೂ ಗೋಣಿತಟ್ಟಿಗೆ ಕಾಲಂ ಇರಲಿಲ್ಲ. ಅದು ನಮಗೆ ಗೊತ್ತಾದದ್ದು ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದದ್ದರಿಂದ. ಅಸ್ಪೃಶ್ಯತೆ ಹೇಗಿರುತ್ತದೆ ಎಂದು ಹೊರದೇಶದವರಿಗೂ ತಿಳಿಯಲಿ ಎಂದು ಬರೆದರು. ಅದನ್ನು ಓದಿ ಯಾರಾದರೂ ಬಾಬಾಸಾಹೇಬರು ಮರುಕ ಬೇಡಿದರು ಎಂದಾರೆಯೇ?

ಕಾಯಿಲೆ ಮತ್ತು ಜಾತಿ ಒಂದೇ ಅಲ್ಲ. ಕಾಯಿಲೆ ದೇಹಕ್ಕೆ ಬಂದದ್ದು, ಜಾತಿ ಮನುಷ್ಯರು ಮಾಡಿದ್ದು. ಆದರೆ ಒಂದು ಮಾತು ಎರಡಕ್ಕೂ ಹೊಂದುತ್ತದೆ. ಯಾವ ಸ್ಥಿತಿಯಲ್ಲಿ ಓಡಿದೆವು ಎಂಬುದನ್ನು ಬಿಟ್ಟು ಎಷ್ಟು ದೂರ ಓಡಿದೆವು ಎಂಬುದನ್ನಷ್ಟೇ ಬರೆದಿಟ್ಟರೆ ಅದು ಅರ್ಧ ಸತ್ಯ. ಉಳಿದರ್ಧವನ್ನು ಸೇರಿಸುವುದು ರಿಯಾಯಿತಿ ಕೇಳಿದಂತಲ್ಲ.

*ಹಾಗಾದರೆ ಹೇಳಲೇಬೇಕೇ?*

ಇಲ್ಲ. ತನ್ನ ದೇಹದ ವಿಷಯ ಹೇಳುವುದು ಬಿಡುವುದು ಆ ಹುಡುಗಿಗೇ ಸೇರಿದ್ದು. ಸುಮ್ಮನಿರುವುದು ಸುಳ್ಳಲ್ಲ. ಕಾಯಿಲೆಯ ಹೆಸರು ಹೇಳದೆ "ಆ ವರ್ಷ ಗಂಭೀರ ಆರೋಗ್ಯ ಸಮಸ್ಯೆಯಿತ್ತು, ಈಗ ಹಿಡಿತದಲ್ಲಿದೆ" ಎಂದಷ್ಟೇ ಬರೆಯಬಹುದು. ಆದರೆ ಕಾಯಿಲೆ ಮುಚ್ಚಲು "ಮನೆ ಬದಲಾಯಿಸಿದೆವು" ಎಂದು ಬರೆದರೆ ಅಲ್ಲಿ ನಾಲ್ಕನೇ ಶೀಲ ಮುರಿಯುತ್ತದೆ.

ಹೇಳುವುದಾದರೆ ಹೇಗೆ ಹೇಳಬೇಕು? ಭಗವಾನ್ ಬುದ್ಧರು ಅಭಯ ರಾಜಕುಮಾರನಿಗೆ ಮಾತಿನ ಬಗ್ಗೆ ತಿಳಿಸಿದ್ದನ್ನು ನೆನೆಯೋಣ. ಮಾತು ನಿಜವಾಗಿರಬೇಕು, ಹಿತವನ್ನು ತರಬೇಕು, ಅದಕ್ಕೆ ತಕ್ಕ ಸಮಯವೂ ಆಗಿರಬೇಕು. ಈ ಅರ್ಜಿಗೆ ಇದಕ್ಕಿಂತ ಒಳ್ಳೆಯ ಅಳತೆ ಬೇಕಿಲ್ಲ.

ನಿಜ: ಯಾವಾಗ ಕಾಯಿಲೆ ಬಂತು, ಎಷ್ಟು ದಿನ ಶಾಲೆ ತಪ್ಪಿತು, ಯಾವ ಪಾಠ ಕೈಬಿಟ್ಟುಹೋಯಿತು. ಇದ್ದಷ್ಟು ಮಾತ್ರ.
ಹಿತ: ಆಮೇಲೆ ಏನು ಬದಲಾಯಿತು. ಅಮೆರಿಕದಲ್ಲಿ 1973ರ ಪುನರ್ವಸತಿ ಕಾಯಿದೆಯ 504ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳು ಶಾಲೆಯಿಂದ ಅನುಕೂಲ ಪಡೆಯಬಹುದು. ಪರೀಕ್ಷೆಯ ನಡುವೆ ಸಕ್ಕರೆ ನೋಡಿಕೊಳ್ಳಲು, ತಿನ್ನಲು ಬಿಡುವು. ಈ ಹುಡುಗಿಗೆ ಅದು ಸಿಕ್ಕಿದ್ದು ಹತ್ತನೇ ತರಗತಿಯಲ್ಲಿ. ಅಂಕ ಏರಿದ್ದೂ ಅಲ್ಲಿಂದಲೇ.
ಸಮಯ: ಅದಕ್ಕೆಂದೇ ಇರುವ ಜಾಗದಲ್ಲಿ, ನಾಲ್ಕೈದು ವಾಕ್ಯದಲ್ಲಿ. ಮುಖ್ಯ ಪ್ರಬಂಧದಲ್ಲಿ ತನಗೆ ಪ್ರಿಯವಾದದ್ದನ್ನು ಬರೆಯಲಿ. ಕಾಯಿಲೆಯೇ ಆಕೆಯ ಗುರುತಾಗಬೇಕಿಲ್ಲ.

ಇಲ್ಲೊಂದು ಸಂಗತಿ ನಮ್ಮ ಮನಸ್ಸು ತಟ್ಟಿತು. ಹತ್ತನೇ ತರಗತಿಯ ಕೆಮಿಸ್ಟ್ರಿಯಲ್ಲೂ ಆಕೆಗೆ ಅಂಕ ಕಡಿಮೆ. "ಅದನ್ನೂ ಕಾಯಿಲೆಗೇ ಹಾಕಿಬಿಡು, ಯಾರಿಗೆ ಗೊತ್ತಾಗುತ್ತದೆ" ಎಂದು ಗೆಳತಿಯೊಬ್ಬಳು ಸಲಹೆ ಕೊಟ್ಟಳಂತೆ. ಹುಡುಗಿ ಒಪ್ಪಲಿಲ್ಲ. "ಅದು ಕಾಯಿಲೆ ಅಲ್ಲ. ನಾನೇ ಓದಿರಲಿಲ್ಲ" ಅಂದಳು. ಅರ್ಜಿ ಓದುವವರಿಗೆ ಈ ಮಾತು ಎಂದೂ ಗೊತ್ತಾಗುವುದಿಲ್ಲ. ಆದರೆ ಶೀಲ ಎಂದರೆ ಇದೇ. ಕಷ್ಟಕ್ಕೆ ಸಲ್ಲಬೇಕಾದದ್ದನ್ನು ಕಷ್ಟಕ್ಕೆ ಸಲ್ಲಿಸಿ, ತನ್ನ ತಪ್ಪನ್ನು ತನ್ನಲ್ಲೇ ಇಟ್ಟುಕೊಳ್ಳುವುದು.

*ಅಪ್ಪನ ಮಾತು*

ಆ ರಾತ್ರಿ ಅಣ್ಣ ಮಗಳಿಗೆ ಮೊದಲ ಸಲ ಒಂದು ವಿಷಯ ಹೇಳಿದರಂತೆ. ತಾವು ಎಂಟನೇ ತರಗತಿಯಲ್ಲಿದ್ದಾಗ ಕಾಮಾಲೆಯಾಗಿ ಎರಡು ತಿಂಗಳು ಮಲಗಿದ್ದರು. ವಾಪಸ್ ಹೋದಾಗ ಮೇಷ್ಟ್ರು ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. "ನಿಮ್ಮವರಿಗೆ ಓದು ಹತ್ತೂದಿಲ್ಲ" ಎಂದರು. ಹುಡುಗ ತಲೆ ತಗ್ಗಿಸಿ ಕೂತ. ಅಂದಿನಿಂದ ಕಷ್ಟ ಹೇಳಿಕೊಳ್ಳುವುದು ಸೋಲು ಎಂದೇ ಆತ ಕಲಿತ.

ಮಗಳು ಕೇಳಿದಳು: "ನೀವು ಅವತ್ತು ಹೇಳಿದ್ರ ಕೈಚಾಚಿದಂಗ ಆಗ್ತಿತ್ತೇನು ಅಪ್ಪಾ?"

ಅಣ್ಣನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಅವರೇ ಕೂತು ಆಸ್ಪತ್ರೆಯ ಕಾಗದ ತೆಗೆದು, ತಾರೀಕುಗಳನ್ನು ಸರಿಯಾಗಿ ಬರೆದುಕೊಟ್ಟರು. ಆಕೆ ಬರೆದಿದ್ದ "ದುರದೃಷ್ಟವಶಾತ್" ಎಂಬ ಪದವನ್ನು ಮಾತ್ರ ತೆಗೆಸಿದರು. "ಅದೃಷ್ಟದ ಮಾತು ಬ್ಯಾಡ. ಆಗಿದ್ದು ಆಗ್ಯದ, ಅಷ್ಟ ಬರಿ."

ಅರ್ಜಿ ಹೋಗಿದೆ. ಸೀಟು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಹಾರ್ವರ್ಡ್, ಕೊಲಂಬಿಯಾದಂಥ ಕಡೆ ನೂರು ಅರ್ಜಿಗೆ ಐದು ಜನಕ್ಕೂ ಸೀಟು ಸಿಗುವುದಿಲ್ಲ. ಯಾವ ಕಾಯಿಲೆಯೂ ಇಲ್ಲದೆ ಪೂರ್ತಿ ಅಂಕ ತೆಗೆದವರೂ ಅಲ್ಲಿ ಹೊರಗುಳಿಯುತ್ತಾರೆ. ಹಾಗಾಗಿ "ಇಲ್ಲ" ಎಂಬ ಉತ್ತರ ಬಂದರೆ ಅದು ಒಂದು ಸೀಟಿನ ಬಗ್ಗೆ ಬಂದ ಉತ್ತರ. ಆ ಮಗುವಿನ ಯೋಗ್ಯತೆಯ ಬಗ್ಗೆ ಬಂದ ತೀರ್ಪಲ್ಲ. ನಿಜ ಹೇಳುವುದು ಆಕೆಯ ಕೈಯಲ್ಲಿತ್ತು, ಅದನ್ನು ಮಾಡಿದಳು. ಫಲ ಆಕೆಯ ಕೈಯಲ್ಲಿಲ್ಲ.

*ನಮ್ಮ ಪಾಲಿನ ಕೆಲಸ*

ನಮ್ಮಲ್ಲಿ ಸಿಇಟಿ, ನೀಟ್ ರ‍್ಯಾಂಕ್ ಪಟ್ಟಿಯಲ್ಲಿ ಕಾಯಿಲೆಯ ಕಥೆ ಬರೆಯಲು ಜಾಗವೇ ಇಲ್ಲ. ಜಾಗ ಇರುವ ದೇಶದಲ್ಲೂ ಅದನ್ನು ಚೆನ್ನಾಗಿ ಬಳಸುವವರು ಹೇಳಿಕೊಡುವ ಜನ ಇದ್ದ ಮಕ್ಕಳು. ಹೇಳಲು ಬಾರದ ಮಗುವಿನ ಕಷ್ಟ ಎಲ್ಲೂ ದಾಖಲಾಗುವುದಿಲ್ಲ.

ಹೊಟ್ಟೆಯ ರೋಗದಿಂದ ನರಳುತ್ತ, ಯಾರೂ ನೋಡಿಕೊಳ್ಳದೆ ಬಿದ್ದಿದ್ದ ಭಿಕ್ಖುವನ್ನು ಭಗವಾನ್ ಬುದ್ಧರು ಆನಂದರ ಜೊತೆ ಸೇರಿ ತಾವೇ ತೊಳೆದು ಮಲಗಿಸಿದರು. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿದರು: ನಿನಗೇನಾಗಿದೆ?

ನಮ್ಮ ಮನೆಗೆ, ಓಣಿಗೆ ಮಗುವೊಂದು ಕಡಿಮೆ ಅಂಕ ಹಿಡಿದು ಬಂದಾಗ ಮೊದಲು ಕೇಳಬೇಕಾದದ್ದೂ ಅದೇ. ಎಷ್ಟು ಬಂತು ಎಂಬುದು ಆಮೇಲೆ. ಅಂಕಪಟ್ಟಿಯಲ್ಲಿ ಇಲ್ಲದ ಕಾಲಂ ನಾವಾಗೋಣ.

*ಇಂದಿನ ಅಭ್ಯಾಸ:* ಯಾರ ಅಂಕ, ಯಾರ ಸೋಲನ್ನು ನೋಡಿ ನಾನು ಕಾರಣ ಕೇಳದೆ ತೀರ್ಮಾನಿಸಿದ್ದೇನೆ? ಒಬ್ಬರನ್ನು ನೆನಪಿಸಿಕೊಳ್ಳಿ. ಸಾಧ್ಯವಾದರೆ ಇಂದೇ ಫೋನ್ ಮಾಡಿ ಕೇಳಿ.

ನಮೋ ಬುದ್ಧಾಯ. ಜೈ ಭೀಮ್ 🙏