ಮೇಲೆ ಬಿಟ್ಟು ಬಂದದ್ದು

1832ರ ಜನವರಿಯಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನ ವಾಟರ್ಲೂ ಸೇತುವೆಯಿಂದ ಥೇಮ್ಸ್ ನದಿಗೆ ತಾಮ್ರದ ತಗಡುಗಳನ್ನು ಇಳಿಬಿಟ್ಟ. ಹರಿಯುವ ನೀರು ಭೂಮಿಯ ಕಾಂತಕ್ಷೇತ್ರವನ್ನು ಅಡ್ಡ ಹಾಯುವಾಗ ವಿದ್ಯುತ್ತು ಹುಟ್ಟಬೇಕೆಂಬುದು ಅವನ ತರ್ಕ. ನಂಬುವಂಥ ಅಳತೆ ಸಿಗಲಿಲ್ಲ, ತರ್ಕವೇನೋ ಸರಿಯಾಗಿತ್ತು. ತಂತಿಯ ಸುರುಳಿಯನ್ನು ತಿರುಗಿಸುವ ಬದಲು, ಕರಗಿದ ಲೋಹವನ್ನೋ ಚೆನ್ನಾಗಿ ಕಾದ ಅನಿಲವನ್ನೋ ಕಾಂತದ ನಡುವೆ ಹರಿಸಿದರೂ ಆಯಿತು. ಅದೇ ಎಂ.ಎಚ್.ಡಿ. ಜನರೇಟರ್. ಫ್ಲೆಮಿಂಗನ ಬಲಗೈ ನಿಯಮ ಹೇಳಿಕೊಡುವಾಗ ಇದನ್ನೂ ಹೇಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲವೆಂದು ಗೊತ್ತಾದೊಡನೆ ಮಕ್ಕಳು ಪೆನ್ನು ಕೆಳಗಿಡುತ್ತಾರೆ.

ಬಾಹ್ಯಾಕಾಶಕ್ಕೆ ಇದು ಹೊಂದುತ್ತದೆನ್ನಲು ಕಾರಣವುಂಟು. ತಿರುಗುವ ಭಾಗವಿಲ್ಲ, ಸವೆಯುವ ಬೇರಿಂಗಿಲ್ಲ. ಅಲ್ಲಿಗೆ ರಿಪೇರಿಗೆ ಯಾರು ಹೋದಾರು? ಶಾಖ ಒದಗಿಸಲು ಮಾತ್ರ ಪರಮಾಣು ರಿಯಾಕ್ಟರ್ ಬೇಕು. ನನ್ನ ತಕರಾರು ಇರುವುದು ಅಲ್ಲಿ.

1965ರ ಏಪ್ರಿಲ್ 3ರಂದು ಅಮೆರಿಕ ಸ್ನ್ಯಾಪ್-10ಎ ಎಂಬ ರಿಯಾಕ್ಟರನ್ನು ಸುಮಾರು 1300 ಕಿ.ಮೀ. ಎತ್ತರದ ಕಕ್ಷೆಗೆ ಏರಿಸಿತು. ಅದರೊಳಗಿನ ಸೋಡಿಯಂ-ಪೊಟ್ಯಾಸಿಯಂ ದ್ರವವನ್ನು ನೂಕುತ್ತಿದ್ದುದು ಇದೇ ತತ್ವವನ್ನು ತಿರುವುಮುರುವು ಮಾಡಿದ, ಚಲಿಸುವ ಭಾಗವೇ ಇಲ್ಲದ ಪಂಪು. ಸಿಕ್ಕ ವಿದ್ಯುತ್ತು 500 ವಾಟ್ ಚಿಲ್ಲರೆ, ನಮ್ಮ ಅಡುಗೆಮನೆಯ ಮಿಕ್ಸಿಗಾಗುವಷ್ಟು. 43 ದಿನಕ್ಕೆ ನೌಕೆಯ ಬೇರಾವುದೋ ವಿದ್ಯುತ್ ಭಾಗ ಕೆಟ್ಟು ರಿಯಾಕ್ಟರ್ ನಿಂತುಹೋಯಿತು. ಅದು ಕೆಳಗೆ ಬರಲು ಸಾವಿರಾರು ವರ್ಷ ಬೇಕು.

ಅಷ್ಟು ಎತ್ತರದಲ್ಲಿ ಇಟ್ಟದ್ದು ವಿವೇಕವೇ. ಕೆಳಗಿನ ಕಕ್ಷೆಯ ಗತಿ 1978ರ ಜನವರಿ 24ರಂದು ಕಂಡಿತು. ಸೋವಿಯತ್ ಕಾಸ್ಮಾಸ್-954 ತನ್ನ ರಿಯಾಕ್ಟರನ್ನು ಮೇಲಕ್ಕೆ ತಳ್ಳಲಾರದೆ ಕೆನಡಾದ ಉತ್ತರದ ಹಿಮನೆಲದ ಮೇಲೆ ಚೂರುಚೂರಾಗಿ ಬಿತ್ತು. 1981ರಲ್ಲಿ ಸೋವಿಯತ್ ಒಕ್ಕೂಟ 30 ಲಕ್ಷ ಕೆನಡಾ ಡಾಲರ್ ಕೊಟ್ಟು ಆ ವ್ಯಾಜ್ಯ ಮುಗಿಸಿತು. ಅಲ್ಲಿ ಕೇಳುವವರೂ ಇದ್ದರು, ಕೊಡುವವರೂ ಇದ್ದರು.

ಬೀಳದೆ ಉಳಿದದ್ದಕ್ಕೆ ಯಾರಿದ್ದಾರೆ? ಅದು ಬೀಳುವ ಹೊತ್ತಿಗೆ ವಿಕಿರಣ ಬಹಳಷ್ಟು ತಗ್ಗಿರುತ್ತದೆ, ಒಪ್ಪೋಣ. ಆದರೆ ಅಷ್ಟರೊಳಗೆ ಇನ್ನೊಂದು ಅದಕ್ಕೆ ಬಡಿಯಲಾರದೆಂದು ಹೊಣೆ ಹೊತ್ತವರಾರು? ‘ಇನ್ನೂ ಹುಟ್ಟದವರ ಒಪ್ಪಿಗೆ ಕೇಳಲಾದೀತೇ ಮೇಡಂ? ಕೆರೆ ಕಟ್ಟಿಸಿದವರೂ ಕೇಳಲಿಲ್ಲ’ ಎಂದು ನಮ್ಮ ಗಣಿತದ ಮೇಷ್ಟ್ರು ವಾದಿಸುತ್ತಾರೆ. ಕೇಳಲಿಲ್ಲ, ನಿಜ. ಆದರೆ ಅವರು ಮುಂದಿನವರಿಗೆ ಬಿಟ್ಟದ್ದು ನೀರು. ಏರಿಯ ದುರಸ್ತಿಗೆಂದು ಜಮೀನು ಬಿಟ್ಟು ಶಾಸನ ಹಾಕಿಸಿದವರೂ ಅವರಲ್ಲಿದ್ದರು. ಇಲ್ಲಿ 43 ದಿನದ ಉಪಯೋಗ ನಮ್ಮವರದು, ಕಾವಲು ಅವರದು.

ಸೂರ್ಯನ ಬೆಳಕು ಸಾಲದಷ್ಟು ದೂರ, ಶನಿಗ್ರಹದಾಚೆಗೆ ಹೋಗಿ ಹಿಂತಿರುಗದ ನೌಕೆಗೆ ರಿಯಾಕ್ಟರ್ ಬೇಡವೆಂದು ನಾನು ಹೇಳಲಾರೆ. ಭೂಮಿಯನ್ನೇ ಸುತ್ತುವ, ಬಿಸಿಲು ಧಾರಾಳವಾಗಿ ಸಿಗುವ ನೌಕೆಗೆ ಬೇಡವೆಂದೇ ಹೇಳುತ್ತೇನೆ, ಮೇಷ್ಟ್ರು ಎಷ್ಟೇ ನಗಲಿ.