ಲಾರಿಯಂತ್ರದ ನೌಕಾವಿನಿಯೋಗ ಮೀಮಾಂಸೆ

ಭೂವಾಹನಾರ್ಥವಾಗಿ ನಿರ್ಮಿತವಾದ ಅಂತರ್ದಹನ ಯಂತ್ರವನ್ನು ಜಲವಾಹನದ ಚಾಲನೆಗೆ ಅರ್ಹಗೊಳಿಸುವ ಸಂಸ್ಕಾರವೇ ನೌಕಾವಿನಿಯೋಗ. ಲಕ್ಷಣದಲ್ಲಿ ‘ಸಂಸ್ಕಾರ’ ಎಂಬ ಪದ ಅನಿವಾರ್ಯ; ಲಾರಿಯ ಇಂಜಿನ್ನನ್ನು ಬೋಟಿನೊಳಗೆ ಇಳಿಸಿ ಬೋಲ್ಟು ಬಿಗಿದರೆ ಅದು ಸ್ಥಾನಾಂತರವಷ್ಟೇ. ‘ಭೂವಾಹನಾರ್ಥ’ ಎಂಬ ವಿಶೇಷಣವು ನಾಡದೋಣಿಯ ಹಿಂಬದಿಗೆ ತೂಗುವ ಔಟ್‌ಬೋರ್ಡ್ ಯಂತ್ರವನ್ನು ಹೊರಗಿಡುತ್ತದೆ. ಅದು ಹುಟ್ಟಿನಿಂದಲೇ ನೌಕಾರ್ಥ. ಗಂಗೊಳ್ಳಿ, ಕೊಡೇರಿ, ಹಂಗಾರಕಟ್ಟೆಗಳಲ್ಲಿ ತಂಗುವಂಥ ಬೋಟುಗಳ ಒಡಲೊಳಗಿನ ಡೀಸೆಲ್ ಯಂತ್ರವೇ ಇಲ್ಲಿ ವಿಷಯ. ಅಶೋಕ್ ಲೇಲ್ಯಾಂಡ್ ಲಾರಿಗೂ ಬೋಟಿಗೂ ಒಂದೇ ಕುಲದ ಯಂತ್ರ ಒದಗಿಸುವುದರಿಂದ ಈ ವಿಚಾರ ನಿರ್ವಿಷಯವಲ್ಲ.

ವಿಚಾರಕ್ರಮವನ್ನು ಜೈಮಿನಿಯ ಮೀಮಾಂಸಾಶಾಸ್ತ್ರದಿಂದಲೇ ಪಡೆಯಬಹುದು. ಅಲ್ಲಿ 7 ಮತ್ತು 8ನೆಯ ಅಧ್ಯಾಯಗಳು ಅತಿದೇಶವನ್ನೂ, 9ನೆಯದು ಊಹವನ್ನೂ, 10ನೆಯದು ಬಾಧವನ್ನೂ ನಿರೂಪಿಸುತ್ತವೆ. ಮಾದರಿಯಾದ ಪ್ರಕೃತಿಯಾಗದ ಅಂಗಗಳು ಅದನ್ನು ಅನುಸರಿಸುವ ವಿಕೃತಿಯಾಗಕ್ಕೆ ಬರುವುದು ಅತಿದೇಶ. ಬಂದ ಅಂಗ ಸಂದರ್ಭಾನುಸಾರ ಮಾರ್ಪಡುವುದು ಊಹ. ಪ್ರಯೋಜನ ಲೋಪಿಸಿದ್ದರಿಂದ ಅಂಗವೇ ಬಿಟ್ಟುಹೋಗುವುದು ಬಾಧ. ಭತ್ತದ ಬದಲು ಕೃಷ್ಣಲಗಳೆಂಬ ಚಿನ್ನದ ಕಾಳುಗಳಿಂದ ಚರು ಮಾಡುವಾಗ ಕುಟ್ಟುವ ಕ್ರಿಯೆ ನಿಲ್ಲುತ್ತದೆ, ತೆಗೆಯಬೇಕಾದ ಹೊಟ್ಟೇ ಅಲ್ಲಿಲ್ಲ. ಲಾರಿ ಪ್ರಕೃತಿ, ಬೋಟು ವಿಕೃತಿ. ಸಿಲಿಂಡರ್, ಪಿಸ್ಟನ್, ಇಂಜೆಕ್ಟರ್ ಇವು ಅತಿದಿಷ್ಟ. ತಂಪುವ್ಯವಸ್ಥೆ, ಹೊಗೆಕೊಳವೆ, ಓರೆಯಾಗಿ ಕೂರಬೇಕಾದ ಆಯಿಲ್ ಸಂಪು ಊಹ್ಯ. ರೇಡಿಯೇಟರೂ ಅದಕ್ಕೆ ಗಾಳಿ ಬೀಸುವ ಫ್ಯಾನೂ ಬಾಧಿತ. ಕರಾವಳಿಯವರು ಬೋಟಿನ ಪ್ರೊಪೆಲ್ಲರನ್ನೂ ಫ್ಯಾನ್ ಎಂದೇ ಕರೆಯುತ್ತಾರೆ. ಶಬ್ದ ಒಂದೇ ಆದರೂ ಮೊದಲನೆಯದು ತ್ಯಾಜ್ಯ, ಎರಡನೆಯದು ಪ್ರಕೃತಿಯಲ್ಲಿಲ್ಲದ ಅಪೂರ್ವ ವಿಧಿ. ಶಬ್ದಸಾಮ್ಯದಿಂದ ಅರ್ಥಸಾಮ್ಯವನ್ನು ಊಹಿಸಬಾರದು.

ಇಲ್ಲಿ ಪೂರ್ವಪಕ್ಷ: ತುಂಬಿದ ಲಾರಿಯನ್ನು ಬಾಳೆಬರೆ ಘಾಟಿ ಹತ್ತಿಸುವ ಯಂತ್ರಕ್ಕೆ ಬೋಟು ಎಳೆಯುವುದು ಯಾವ ಲೆಕ್ಕ? ಉತ್ತರ: ಘಾಟಿಯ ಏರು ಮುಗಿಯುತ್ತದೆ, ಬಳಿಕ ಸಮತಟ್ಟು, ಇಳಿಜಾರು, ಯಂತ್ರಕ್ಕೆ ವಿಶ್ರಾಂತಿ. ಕಡಲಿಗೆ ಇಳಿಜಾರಿಲ್ಲ. ಟ್ರಾಲ್ ಬಲೆ ಎಳೆಯುವ ಬೋಟು ಆಮೆನಡೆಯಲ್ಲಿ ಸಾಗುತ್ತಿದ್ದರೂ ಯಂತ್ರ ಗಂಟೆಗಟ್ಟಲೆ ಪೂರ್ಣಭಾರದ ಸಮೀಪದಲ್ಲಿ ದುಡಿಯುತ್ತದೆ. ಆದ್ದರಿಂದ ಕಾದಾಚಿತ್ಕ ಶಕ್ತಿ, ನಿರಂತರ ಶಕ್ತಿ ಎಂದು ಶಕ್ತಿ ಎರಡು ವಿಧ, ಮತ್ತು ತಯಾರಕರು ಅದೇ ಯಂತ್ರಕ್ಕೆ ನಿರಂತರ ದುಡಿಮೆಗಾಗಿ ಕಡಿಮೆ ಅಶ್ವಶಕ್ತಿಯನ್ನು ನಿಗದಿ ಮಾಡುತ್ತಾರೆ. ಪ್ರೊಪೆಲ್ಲರೆಂಬ ಫ್ಯಾನ್ ಬೇಡುವ ಶಕ್ತಿ ಸುತ್ತುಗಳ ಘನಕ್ಕೆ ಅನುಗುಣ: ವೇಗವನ್ನು ಶೇ. 80ಕ್ಕೆ ಇಳಿಸಿದರೆ ಭಾರ ಹೆಚ್ಚುಕಡಿಮೆ ಶೇ. 51ಕ್ಕೆ ಇಳಿಯುತ್ತದೆ. ಮಿತಿ ಮೀರಿದ ಫ್ಯಾನ್ ತೊಡಿಸಿದ ಯಂತ್ರ ಪೂರ್ಣ ಥ್ರಾಟಲ್‌ನಲ್ಲೂ ತನ್ನ ವಿಹಿತ ಸುತ್ತುಗಳನ್ನು ಮುಟ್ಟದೆ ಕರಿಹೊಗೆ ಉಗುಳುತ್ತದೆ. ಯಂತ್ರ ವಿಹಿತ ಸುತ್ತುಗಳನ್ನು ಮುಟ್ಟುತ್ತದೆಯೇ ಎಂಬ ಪರೀಕ್ಷೆಯನ್ನು ಬಲೆ ಬಿಟ್ಟ ಸ್ಥಿತಿಯಲ್ಲಿಯೂ ಮಾಡತಕ್ಕದ್ದು. ಖಾಲಿ ಓಟದ ಪರೀಕ್ಷೆ ಅರ್ಧಪ್ರಮಾಣ.

ಇನ್ನೊಂದು ಆಕ್ಷೇಪ: ಸುತ್ತಲೂ ನೀರೇ ಇರುವಾಗ ಅದನ್ನೇ ನೇರವಾಗಿ ಯಂತ್ರದೊಳಗೆ ಹಾಯಿಸಬಾರದೇಕೆ? ಇದಕ್ಕೆ ಸಮಾಧಾನ: ನೀರೆಂಬ ಜಾತಿ ಒಂದೇ, ಗುಣ ಬೇರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. 60 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಲವಣ ಗೋಡೆಗೆ ಹತ್ತಿ ಹಾದಿಯನ್ನು ಕಟ್ಟುತ್ತ ಬರುತ್ತದೆ, ಎರಕದ ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ಯಂತ್ರದೊಳಗೆ ಸಿಹಿನೀರಿನ ಕೂಲೆಂಟ್ ಸುತ್ತಬೇಕು. ಉಪ್ಪುನೀರು ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳಲ್ಲಿ ಮಾತ್ರ ಹರಿಯಬೇಕು. ಹಾಗಾದರೆ ಐದು ನದಿಗಳು ಕೂಡುವ ಗಂಗೊಳ್ಳಿಯ ಪಂಚಗಂಗಾವಳಿಯಲ್ಲಿ ಮಳೆಗಾಲದ ನೀರು ಸಿಹಿಯಲ್ಲವೇ ಎಂಬ ಉಪಾಕ್ಷೇಪ ನಿಲ್ಲದು. ಬೇಸಿಗೆಯಲ್ಲಿ ಅಲ್ಲಿಯೇ ಸವಳು ಏರುತ್ತದೆ, ಮಳೆಯಲ್ಲಿ ಕೆಸರು ಬರುತ್ತದೆ. ಒಂದು ಋತುವಿನ ಗುಣದಿಂದ ನಿತ್ಯವ್ಯವಸ್ಥೆ ಸಿದ್ಧಿಸದು. ಎಕ್ಸ್‌ಚೇಂಜರಿನ ತುದಿಯ ಬಿರಡೆ ತಿರುಪಿ ತೆಗೆದಾಗ ಕೊಳವೆಯ ಬದಲು ತಾನು ಸವೆಯಲೆಂದು ಇಟ್ಟ, ಬೆರಳುಗಾತ್ರವಿದ್ದ ಸತುವಿನ ಕಡ್ಡಿ ಗೆದ್ದಲು ತಿಂದ ಚಕ್ಕೆಯಂತೆ, ಬಿಳಿಪುಡಿ ಮೆತ್ತಿಕೊಂಡು, ಮೊಂಡಾಗಿ ಕೈಗೆ ಬರುವುದುಂಟು. ಅದು ಸವೆದದ್ದೇ ತಾಮ್ರದ ಕೊಳವೆ ಉಳಿಯಿತೆಂಬುದಕ್ಕೆ ಪ್ರಮಾಣ.

ಲಾರಿಯ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಇದ್ದೇ ಇದೆ, ಅದು ಅತಿದಿಷ್ಟವಾಗಲಿ ಎಂಬುದು ಮೂರನೆಯ ಪಕ್ಷ. ಇದು ಅತ್ಯಂತ ಅಪಾಯಕಾರಿ ಭ್ರಮೆ. ಲಾರಿಗೆ ರಿವರ್ಸ್ ಕ್ಷಣಿಕ ಸೌಕರ್ಯ. ಬೋಟಿಗೆ ಬ್ರೇಕೇ ಇಲ್ಲವಾದ್ದರಿಂದ ರಿವರ್ಸೇ ಬ್ರೇಕು. ಅಳಿವೆಯ ಮರಳದಿಣ್ಣೆಯ ಮೇಲೆ ಅಲೆ ಒಡೆಯುತ್ತಿರುವಾಗ ಬೋಟು ನಡೆಸುವ ತಾಂಡೇಲನಿಗೆ ಪೂರ್ಣಶಕ್ತಿಯ ಹಿನ್ನಡೆ ತತ್‌ಕ್ಷಣ ಬೇಕು. ಮೇಲಾಗಿ, ಲಾರಿಯ ಶಾಫ್ಟು ತಿರುಗಿಸುತ್ತದೆ, ಅಷ್ಟೇ. ಬೋಟಿನ ಶಾಫ್ಟು ತಿರುಗಿಸುತ್ತಲೇ ಉದ್ದಕ್ಕೂ ನೂಕುತ್ತದೆ, ಏಕೆಂದರೆ ಬೋಟನ್ನು ಮುಂದಕ್ಕೊತ್ತುವ ಬಲವೆಲ್ಲ ಫ್ಯಾನಿನಿಂದ ಶಾಫ್ಟಿನ ಮೂಲಕವೇ ಬರುತ್ತದೆ. ಈ ನೂಕುಬಲವನ್ನು ಹೊರುವ ಥ್ರಸ್ಟ್ ಬೇರಿಂಗ್ ಮೆರೈನ್ ಗೇರ್‌ಬಾಕ್ಸಿನಲ್ಲಿದೆ, ಲಾರಿಯದರಲ್ಲಿಲ್ಲ. ಅದನ್ನು ಬಿಟ್ಟರೆ ಬಲ ಕ್ರ್ಯಾಂಕ್‌ಶಾಫ್ಟಿನ ಮೇಲೆ ಬೀಳುತ್ತದೆ.

ಪೆಟ್ರೋಲ್ ಯಂತ್ರದ ವಿಷಯದಲ್ಲಿ ಒಂದೇ ಮಾತು ಸಾಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಡಿಯಲ್ಲಿ ಅದು ಚದರಿಹೋಗುತ್ತದೆ, ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಕಿಡಿ ಹೊರಬೀಳುವ ಕಾರಿನ ಸ್ಟಾರ್ಟರ್, ಆಲ್ಟರ್ನೇಟರುಗಳು ಅಲ್ಲಿ ನಿಷಿದ್ಧ.

ಕರ್ಮಗಳಲ್ಲಿರುವಂತೆ ಯಂತ್ರಪಾಲನೆಯಲ್ಲೂ ನಿತ್ಯ, ನೈಮಿತ್ತಿಕಗಳುಂಟು. ಆಯಿಲ್, ಬೆಲ್ಟು, ಉಪ್ಪುನೀರಿನ ಹರಿವು ನೋಡುವುದು ನಿತ್ಯ. ನೈಮಿತ್ತಿಕಕ್ಕೆ ಯಾಂತ್ರಿಕ ಮೀನುಗಾರಿಕೆಯ ನಿಷೇಧಕಾಲವೇ ನಿಮಿತ್ತ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ದಡ ಸೇರಿದ ಬೋಟಿನ ಕೊಳವೆಗಳಲ್ಲಿ ಸಿಹಿನೀರು ಹಾಯಿಸಿ, ಉಪ್ಪುನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಕಳಚಿಟ್ಟು, ಸತುವಿನ ಕಡ್ಡಿ ಬದಲಿಸಿದ ಬಳಿಕವೇ ಇಂಜಿನ್ ಕೋಣೆಯ ಬಾಗಿಲು ಮುಚ್ಚತಕ್ಕದ್ದು.